ಕಾರಿನ ವಯಸ್ಸು

ಮೂವತ್ತೈದು ವರ್ಷ ದೆಹಲಿಯಲ್ಲಿ ಸಂಸಾರ ಮಾಡಿದವನಿಗೆ ಬಿಟ್ಟುಕೊಡುವುದು ಹೊಸದೇನಲ್ಲ. ಬಾಡಿಗೆ ಮನೆಗಳನ್ನು ಬಿಟ್ಟಿದ್ದೇನೆ, ಎರಡು ನೌಕರಿ ಬಿಟ್ಟಿದ್ದೇನೆ. ಹಾಸನದಲ್ಲಿ ಕಲಿತ ಎಷ್ಟೋ ಮಾತುಗಳು ನನ್ನನ್ನು ಕೇಳದೆಯೇ ನಾಲಿಗೆ ಬಿಟ್ಟು ಹೋಗಿವೆ. ಆದರೆ 2019ರ ಫೆಬ್ರವರಿಯಲ್ಲಿ ಒಂದು ಕಾರು ಮಾರಬೇಕಾಗಿ ಬಂದಾಗ ಆದ ಗಲಿಬಿಲಿ ಬೇರೆ ಯಾವಾಗಲೂ ಆಗಿರಲಿಲ್ಲ.

ಕಾರು ಬಿಎಂಡಬ್ಲ್ಯು 530ಡಿ. ಬೆಳ್ಳಿ ಬಣ್ಣ, ಡೀಸೆಲ್ ಇಂಜಿನ್ನು, 2009ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ರಿಜಿಸ್ಟರ್ ಆದದ್ದು. 2013ರಲ್ಲಿ ನಾನು ಕೊಂಡಾಗ ನಲವತ್ತೊಂದು ಸಾವಿರ ಕಿಲೋಮೀಟರ್ ಓಡಿತ್ತು. ಮೊದಲ ಮಾಲೀಕರು ಹೊಸದಕ್ಕೆ ತೆತ್ತಿದ್ದರ ಮೂರನೇ ಒಂದು ಭಾಗವನ್ನೂ ನಾನು ಕೊಡಲಿಲ್ಲ ಅಂತ ಹೇಳಿದರೂ ನಮ್ಮ ಮನೆಯವಳಿಗೆ ಸಮಾಧಾನವಾಗಲಿಲ್ಲ. 'ಅದೇ ದುಡ್ಡಿಗೆ ಹೊಸಾ ಮಾರುತಿ ಎರಡು ಬರ್ತಿತ್ತು' ಅಂದಳು. ನಿಜ. ಆದರೆ ಕೆಲವು ಆಸೆಗಳಿಗೆ ಲೆಕ್ಕ ಹೊಂದುವುದಿಲ್ಲ.

ಐದೂವರೆ ವರ್ಷ ಆ ಗಾಡಿಯನ್ನು ಮಗುವಿನ ಹಾಗೆ ನೋಡಿಕೊಂಡೆ. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಆಯಿಲ್ ಬದಲು, ಎರಡು ವಾರಕ್ಕೊಮ್ಮೆ ಟೈರಿನ ಗಾಳಿ. ಮಾಡಿದ್ದನ್ನೆಲ್ಲ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಈ ಅಭ್ಯಾಸ ಬಂದದ್ದು ಅಪ್ಪನಿಂದ. ಅವರು ಹಾಸನ ಡಿಪೋದಲ್ಲಿ ಬಸ್ ಡ್ರೈವರ್ ಆಗಿದ್ದರು. ಡ್ಯೂಟಿ ಮುಗಿಸಿ ಬಂದ ಮೇಲೂ ಆವತ್ತು ಗಾಡಿ ಎಲ್ಲಿ ಸದ್ದು ಮಾಡಿತು, ಎಲ್ಲಿ ಬ್ರೇಕ್ ಎಳೆಯಿತು ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು, ಮಾರನೇ ದಿನ ಮೆಕ್ಯಾನಿಕ್ಕಿಗೆ ಓದಿ ಹೇಳುತ್ತಿದ್ದರು. ನನ್ನ ನೋಟ್‌ಬುಕ್ಕೂ ಅವರ ಚೀಟಿಯ ಹಾಗೆ ಕನ್ನಡದಲ್ಲೇ ಇತ್ತು. ಬೇರೆ ಭಾಷೆಯಲ್ಲಿ ಬರೆಯಬೇಕು ಅಂತ ಯಾವತ್ತೂ ಹೊಳೆಯಲೇ ಇಲ್ಲ.

ಹೊಳೆಯಬೇಕಿತ್ತು ಅನ್ನಿಸಿದ್ದು ಕರೋಲ್ ಬಾಗ್‌ನಲ್ಲಿ. ಅಲ್ಲಿನ ಹಳೇ ಕಾರಿನ ವ್ಯಾಪಾರಿಯೊಬ್ಬ ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಬಾಗಿಲು ತೆಗೆದು ಮುಚ್ಚಿ ಅದರ ಸದ್ದು ಕೇಳಿಸಿಕೊಂಡು, ತಲೆದೂಗಿದ. ಗಾಡಿ ಚೆನ್ನಾಗಿದೆ ಅಂತ ಅವನಿಗೂ ಗೊತ್ತಾಗಿತ್ತು. ಆಮೇಲೆ ನೋಟ್‌ಬುಕ್ ತಿರುವಿ 'ಯೇ ಕ್ಯಾ ಲಿಖಾ ಹೈ, ಸಾಬ್?' ಅಂತ ನಕ್ಕ. ಕೊನೆಗೆ ಆರ್‌ಸಿ ನೋಡಿದ. ನೋಡಿದವನೇ ಮೂರು ಲಕ್ಷ ಅಂದ. 'ದಸ್ ಸಾಲ್ ಹೋ ರಹಾ ಹೈ.' ಹತ್ತು ವರ್ಷ ಆಗ್ತಾ ಬಂತು. ಅಷ್ಟೇ ಮಾತು.

ಊರಿನಲ್ಲಿರುವ ನಿಮಗೆ ಇದು ವಿಚಿತ್ರ ಅನ್ನಿಸಬಹುದು. ನಮ್ಮ ಕಡೆ ಹದಿನೈದು ವರ್ಷ ದಾಟಿದ ಖಾಸಗಿ ಕಾರನ್ನು ಎಫ್‌ಸಿ ಮಾಡಿಸಿ ಮತ್ತೆ ಐದು ವರ್ಷ ಓಡಿಸುತ್ತಾರೆ. ದೆಹಲಿಯಲ್ಲಿ ಆಗ ಹಾಗಿರಲಿಲ್ಲ. ಡೀಸೆಲ್ ಗಾಡಿಗೆ ಹತ್ತು ವರ್ಷ, ಪೆಟ್ರೋಲಿನದಕ್ಕೆ ಹದಿನೈದು. ಆಮೇಲೆ ಅದು ಎಷ್ಟೇ ಚೆನ್ನಾಗಿರಲಿ, ರಸ್ತೆಗೆ ಇಳಿಯುವ ಹಾಗಿರಲಿಲ್ಲ. ಇದು ಹೇಗೆ ಬಂತು ಅಂತ ತಿಳಿಯಬೇಕಾದರೆ ಡೀಸೆಲ್ಲಿನ ಕತೆಯನ್ನೇ ಸ್ವಲ್ಪ ಹಿಂದಿನಿಂದ ಹೇಳಬೇಕು.

ನಾನು ಹುಡುಗನಾಗಿದ್ದಾಗ ಡೀಸೆಲ್ ಅಂದರೆ ದುಡಿಯುವ ಗಾಡಿ. ಬಸ್ಸು, ಲಾರಿ, ಟ್ರ್ಯಾಕ್ಟರ್, ಪಂಪ್‌ಸೆಟ್ಟು. ಟೆಲ್ಕೋ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಜಮ್ಶೆಡ್‌ಪುರದಲ್ಲಿ ಲಾರಿ ಮಾಡಲು ಶುರುಮಾಡಿತ್ತು. ಒಪ್ಪಂದ 1969ರಲ್ಲಿ ಮುಗಿದು ಮೂತಿಯ ಮೇಲಿನ ನಕ್ಷತ್ರ ಹೋಗಿ 'ಟಿ' ಅಕ್ಷರ ಬಂದರೂ ಅಪ್ಪನ ಬಾಯಲ್ಲಿ ಅದು ಕೊನೇವರೆಗೂ 'ಬೆಂಜ್ ಗಾಡಿ'ಯೇ. ಆ ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಪಂಪು ಇತ್ತಲ್ಲ, ಅದರ ಮೇಲೆ ನಮ್ಮ ಬೆಂಗಳೂರಿನ ಹೆಸರಿತ್ತು. ಜರ್ಮನಿಯ ಬಾಷ್ ಕಂಪನಿಯ ಸಹಯೋಗದಲ್ಲಿ 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೈಕೋ. ಆಡುಗೋಡಿಯ ಆ ಕಾರ್ಖಾನೆಯ ಹೆಸರು 2008ರಲ್ಲಿ ಬಾಷ್ ಅಂತಲೇ ಬದಲಾಯಿತು. ಬಡಾವಣೆಯ ಹೆಸರು ಮಾತ್ರ ಈಗಲೂ ಮೈಕೋ ಲೇಔಟ್. 'ಮೈಕೋ ಪಂಪು ಸರಿಯಿದ್ರೆ ಗಾಡಿ ಕಪ್ಪು ಹೊಗೆ ಬಿಡಲ್ಲ ಕಣೋ' ಅನ್ನುತ್ತಿದ್ದರು ಅಪ್ಪ. ಹೊಗೆಯ ವಿಚಾರವನ್ನು ನಾನು ಮೊದಲು ಕೇಳಿದ್ದು ಅವರಿಂದ. ಅವರ ಮಟ್ಟಿಗೆ ಕಪ್ಪು ಹೊಗೆ ಅಂದರೆ ಗಾಡಿಯನ್ನು ಸರಿಯಾಗಿ ನೋಡಿಕೊಂಡಿಲ್ಲ ಅಂತ ಅರ್ಥ. ನನಗೂ ಬಹಳ ಕಾಲ ಅಷ್ಟೇ ಅರ್ಥವಿತ್ತು.

ಡೀಸೆಲ್ ಕಾರು ಅನ್ನುವುದು ಜರ್ಮನರಿಗೆ ಹೊಸದಲ್ಲ. ಮರ್ಸಿಡಿಸ್‌ನವರು 1936ರಲ್ಲೇ 260ಡಿ ಅನ್ನುವ ಡೀಸೆಲ್ ಕಾರು ತಂದಿದ್ದರು. ಅದು ಹೆಚ್ಚಾಗಿ ಟ್ಯಾಕ್ಸಿಯವರ ಗಾಡಿ. ಎಣ್ಣೆ ಕಡಿಮೆ ಕುಡಿಯುತ್ತದೆ, ನಿಧಾನಕ್ಕೆ ಓಡುತ್ತದೆ. ವೇಗಕ್ಕೆ ಹೆಸರಾದ ಮ್ಯೂನಿಕ್‌ನ ಬಿಎಂಡಬ್ಲ್ಯು ತನ್ನ ಮೊದಲ ಡೀಸೆಲ್ ಕಾರು, 524ಟಿಡಿ, ಹೊರತಂದದ್ದು 1983ರಲ್ಲಿ. ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುವ ಟರ್ಬೋ ಅದರಲ್ಲಿತ್ತು. ಆಮೇಲೆ 1990ರ ದಶಕದ ಕೊನೆಗೆ ಕಾಮನ್ ರೈಲ್ ಬಂತು. ಎಲ್ಲ ಸಿಲಿಂಡರುಗಳಿಗೂ ಸೇರಿದ ಒಂದೇ ಗಟ್ಟಿ ಕೊಳವೆಯಲ್ಲಿ ಡೀಸೆಲನ್ನು ಭಾರೀ ಒತ್ತಡದಲ್ಲಿ ಕೂಡಿಟ್ಟು, ಯಾವ ಕ್ಷಣಕ್ಕೆ ಎಷ್ಟು ಬೇಕೋ ಅಷ್ಟನ್ನು ಕಂಪ್ಯೂಟರ್ ಹೇಳಿದಂತೆ ಚಿಮ್ಮಿಸುವ ಏರ್ಪಾಟು. ಇದರಿಂದ ಡಬಡಬ ಸದ್ದು ಅಡಗಿತು, ಎಳೆತ ಹೆಚ್ಚಿತು. 1998ರಲ್ಲಿ ನ್ಯೂರ್‌ಬರ್ಗ್‌ರಿಂಗ್‌ನ ಇಪ್ಪತ್ತನಾಲ್ಕು ಗಂಟೆಯ ರೇಸನ್ನು ಬಿಎಂಡಬ್ಲ್ಯು 320ಡಿ ಗೆದ್ದಿತು. 2006ರಲ್ಲಿ ಫ್ರಾನ್ಸಿನ ಲ ಮಾನ್ ರೇಸನ್ನು ಆಡಿಯ ಡೀಸೆಲ್ ಕಾರು ಗೆದ್ದಿತು. ಟ್ಯಾಕ್ಸಿಯವರ ಇಂಜಿನ್ನು ಎಪ್ಪತ್ತು ವರ್ಷದಲ್ಲಿ ಜಗತ್ತಿನ ದೊಡ್ಡ ರೇಸುಗಳನ್ನು ಗೆಲ್ಲುವಷ್ಟು ಬೆಳೆದಿತ್ತು.

ನನ್ನ ಕಾರು ಆ ಕಾಲದ ಕೂಸು. ಸಾಲಾಗಿ ನಿಂತ ಆರು ಸಿಲಿಂಡರ್, 2993 ಸಿಸಿ, 235 ಕುದುರೆ ಶಕ್ತಿ. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ ಏಳು ಸೆಕೆಂಡಿನೊಳಗೆ ಮುಟ್ಟುತ್ತಿತ್ತು. ಮುಂದಿನ ಭಾಗ ಹಗುರವಾಗಲಿ ಅಂತ ಮೂತಿಯನ್ನು ಅಲ್ಯೂಮಿನಿಯಮ್ಮಿನಲ್ಲಿ ಮಾಡಿದ್ದರು. ನೋಡುವುದಕ್ಕೆ ಮಾತ್ರ ಆಫೀಸಿಗೆ ಹೋಗುವ ಸಭ್ಯ ಗಾಡಿ.

ಇಂಥ ಕಾರು ನಮ್ಮಂಥವರ ಕೈಗೆ ಬಂದದ್ದಕ್ಕೂ ಒಂದು ಇತಿಹಾಸವಿದೆ. ನಾನು 1984ರಲ್ಲಿ ದೆಹಲಿಗೆ ಬಂದಾಗ ರಸ್ತೆ ತುಂಬ ಅಂಬಾಸಡರ್, ಫಿಯೆಟ್. ಮಾರುತಿ ಬಂದು ಇನ್ನೂ ಒಂದು ವರ್ಷ ಆಗಿರಲಿಲ್ಲ. ಜರ್ಮನ್ ಕಾರು ನೋಡಬೇಕಾದರೆ ರಾಯಭಾರ ಕಚೇರಿಗಳಿರುವ ಚಾಣಕ್ಯಪುರಿಗೆ ಹೋಗಬೇಕಿತ್ತು. ವಿದೇಶಿ ಅಧಿಕಾರಿಗಳು ಸುಂಕವಿಲ್ಲದೆ ತರಿಸಿಕೊಂಡ ಕಾರುಗಳನ್ನು, ಅವರು ದೇಶ ಬಿಡುವಾಗ, ಸರ್ಕಾರದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮೂಲಕ ಮಾರುತ್ತಿದ್ದರು. ಹೊರದೇಶದ ಹಳೇ ಕಾರು ದೆಹಲಿಯ ಶ್ರೀಮಂತರ ಮನೆ ಸೇರುತ್ತಿದ್ದ ದಾರಿಗಳಲ್ಲಿ ಅದೂ ಒಂದು. ಭಾನುವಾರ ಆರ್.ಕೆ. ಪುರಂನ ಕರ್ನಾಟಕ ಸಂಘದ ಕಡೆ ಹೋಗುವಾಗ ನಾನು ಬೇಕಂತಲೇ ಚಾಣಕ್ಯಪುರಿ ದಾಟುವ ಬಸ್ ಹಿಡಿಯುತ್ತಿದ್ದೆ. ಕಿಟಕಿಯ ಪಕ್ಕ ಸೀಟು ಸಿಕ್ಕರೆ ಆವತ್ತು ಹಬ್ಬ.

1991ರ ಆರ್ಥಿಕ ಬದಲಾವಣೆಯ ನಂತರ ಬಾಗಿಲು ತೆರೆಯಿತು. ಮರ್ಸಿಡಿಸ್ 1994ರಲ್ಲಿ ಟೆಲ್ಕೋ ಜೊತೆ ಮತ್ತೆ ಕೈಜೋಡಿಸಿ, 1995ರಲ್ಲಿ ಪುಣೆಯಲ್ಲಿ ಇ-ಕ್ಲಾಸ್ ಕಾರು ಜೋಡಿಸತೊಡಗಿತು. 2007ರ ಮಾರ್ಚ್‌ನಲ್ಲಿ ಬಿಎಂಡಬ್ಲ್ಯು ಚೆನ್ನೈ ಹತ್ತಿರ ಕಾರ್ಖಾನೆ ತೆರೆದು 3 ಸೀರೀಸ್, 5 ಸೀರೀಸ್ ಕಾರುಗಳನ್ನು ಜೋಡಿಸಲು ಶುರುಮಾಡಿತು. ಹೀಗೆ ಜರ್ಮನಿಯಲ್ಲಿ ಹುಟ್ಟಿದ ನಕ್ಷೆ ತಮಿಳುನಾಡಿನಲ್ಲಿ ರೂಪ ತಾಳಿ, ದೆಹಲಿಯಲ್ಲಿ ನಂಬರು ಪಡೆದು, ಹಾಸನದವನೊಬ್ಬನ ಕೈಗೆ ಬಂತು.

ಆ ದಿನಗಳಲ್ಲಿ ಎಲ್ಲರೂ ಡೀಸೆಲ್ ಕಾರನ್ನೇ ಕೇಳುತ್ತಿದ್ದರು. ರೈತರಿಗೆ, ಲಾರಿಯವರಿಗೆ ಭಾರವಾಗಬಾರದು ಅಂತ ಸರ್ಕಾರ ಡೀಸೆಲ್ ಬೆಲೆಯನ್ನು ತಗ್ಗಿಸಿ ಇಟ್ಟಿತ್ತು. 2010ರ ಜೂನ್‌ನಲ್ಲಿ ಪೆಟ್ರೋಲ್ ಬೆಲೆಯ ಹತೋಟಿ ತೆಗೆದರು, ಡೀಸೆಲ್ಲಿನದನ್ನು 2014ರ ಅಕ್ಟೋಬರಿನವರೆಗೆ ಬಿಡಲಿಲ್ಲ. ನಡುವೆ ಕೆಲಕಾಲ ಎರಡರ ಬೆಲೆಯ ಅಂತರ ಬೆಳೆಯುತ್ತಾ ಹೋಯಿತು. ಟ್ರ್ಯಾಕ್ಟರಿಗೆ ಅಂತ ಇಟ್ಟ ರಿಯಾಯಿತಿಯಲ್ಲಿ ನಾನೂ ನನ್ನ 235 ಕುದುರೆಗಳಿಗೆ ಮೇವು ಹಾಕಿದೆ. ಇದನ್ನು ಮುಚ್ಚಿಟ್ಟರೆ ಈ ಕತೆ ಪ್ರಾಮಾಣಿಕವಾಗುವುದಿಲ್ಲ.

2014ರ ಚಳಿಗಾಲದಲ್ಲಿ ಅಪ್ಪ ದೆಹಲಿಗೆ ಬಂದರು. ಬಂದವರೇ ಬಾನೆಟ್ ತೆಗೆಸಿದರು. ಒಳಗೆ ಬರೀ ಪ್ಲಾಸ್ಟಿಕ್ ಮುಚ್ಚಳ. 'ಇಂಜಿನ್ ಎಲ್ಲೋ ಮಗ?' ಅಂದರು. ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಆಗ್ರಾಕ್ಕೆ ಕರೆದುಕೊಂಡು ಹೋದೆ. ಮುಂದೆ ಕೂತು ಅವರು ತಾಜಮಹಲಿನ ಮಾತೇ ಆಡಲಿಲ್ಲ, ದಾರಿಯುದ್ದಕ್ಕೂ ಸ್ಪೀಡಿನ ಮುಳ್ಳನ್ನೇ ನೋಡುತ್ತಿದ್ದರು. 'ನೂರರ ಮುಳ್ಳದೆ, ನೂರರ ಸದ್ದೇ ಇಲ್ವಲ್ಲೋ' ಅಂದರು. ಆ ಸಂಜೆ ನೋಟ್‌ಬುಕ್ಕಿನಲ್ಲಿ ಕಿಲೋಮೀಟರು, ಡೀಸೆಲ್ ಲೆಕ್ಕದ ಕೆಳಗೆ ಆ ಮಾತನ್ನೂ ಬರೆದಿಟ್ಟೆ. 2017ರಲ್ಲಿ ಅಪ್ಪ ತೀರಿಕೊಂಡರು.

ಅಷ್ಟರಲ್ಲಿ ದೆಹಲಿಯ ಗಾಳಿ ಕೋರ್ಟಿನ ಕಟ್ಟೆ ಹತ್ತಿ ಬಹಳ ಕಾಲವಾಗಿತ್ತು. ವಕೀಲ ಎಂ.ಸಿ. ಮೆಹ್ತಾ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದ್ದು 1985ರಲ್ಲಿ. ಆ ವರ್ಷಗಳಲ್ಲಿ ಐಟಿಒ ಚೌಕದಲ್ಲಿ ಹತ್ತು ನಿಮಿಷ ನಿಂತು ಕರ್ಚೀಫಿನಲ್ಲಿ ಮುಖ ಒರೆಸಿದರೆ ಅದು ಕಪ್ಪಾಗುತ್ತಿತ್ತು. ಬಸ್ಸುಗಳನ್ನೆಲ್ಲ ಸಿಎನ್‌ಜಿಗೆ ಬದಲಾಯಿಸಬೇಕು ಅಂತ 1998ರ ಜುಲೈನಲ್ಲಿ ಕೋರ್ಟು ಹೇಳಿತು. ಎಳೆದಾಟದಲ್ಲಿ ನಾಲ್ಕು ವರ್ಷ ಕಳೆದು, 2002ರ ಕೊನೆಗೆ ಡೀಸೆಲ್ ಸಿಟಿ ಬಸ್ಸು ದೆಹಲಿಯಿಂದ ಮಾಯವಾಯಿತು. ಗಾಳಿ ಕೆಲಕಾಲ ಸುಧಾರಿಸಿತು. ಆಮೇಲೆ ಕಾರುಗಳು ಹೆಚ್ಚಿದವು, ಅದರಲ್ಲೂ ಡೀಸೆಲ್ ಕಾರುಗಳು. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. 2014ರಲ್ಲಿ ಅದೇ ಸಂಸ್ಥೆ ಸುಮಾರು 1600 ನಗರಗಳ ಗಾಳಿಯ ಲೆಕ್ಕ ಹೊರತಂದಾಗ ಸೂಕ್ಷ್ಮ ಕಣಗಳಲ್ಲಿ ಎಲ್ಲಕ್ಕಿಂತ ಮುಂದೆ ಇದ್ದದ್ದು ದೆಹಲಿ.

ಅದೇ ವರ್ಷದ ನವೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹದಿನೈದು ವರ್ಷ ಮೀರಿದ ಗಾಡಿಗಳು ದೆಹಲಿಯಲ್ಲಿ ಓಡಬಾರದು ಅಂದಿತು. 2015ರ ಏಪ್ರಿಲ್ 7ರಂದು ಡೀಸೆಲ್ ಗಾಡಿಗೆ ಅದು ಹತ್ತು ವರ್ಷವಾಯಿತು. ಆ ಸೆಪ್ಟೆಂಬರಿನಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡಿದ್ದನ್ನು ಅಮೆರಿಕದ ಪರಿಸರ ಇಲಾಖೆ ಬಯಲು ಮಾಡಿತು. ರೇಸು ಗೆದ್ದ ಇಂಜಿನ್ನಿನ ಮಾನ ಜಗತ್ತಿನಾದ್ಯಂತ ಹೋಯಿತು. ಡಿಸೆಂಬರ್ 16ಕ್ಕೆ ಸುಪ್ರೀಂ ಕೋರ್ಟು ದೆಹಲಿ ಸುತ್ತಮುತ್ತ 2000 ಸಿಸಿ ಮತ್ತು ಅದಕ್ಕೂ ಮೇಲಿನ ಹೊಸ ಡೀಸೆಲ್ ಕಾರುಗಳ ರಿಜಿಸ್ಟ್ರೇಷನ್ನನ್ನೇ ನಿಲ್ಲಿಸಿತು. 2016ರ ಆಗಸ್ಟಿನಲ್ಲಿ ಶೇಕಡಾ 1 ಪರಿಸರ ಸುಂಕ ವಿಧಿಸಿ ಆ ತಡೆ ತೆಗೆದರೂ, ದೊಡ್ಡ ಡೀಸೆಲ್ ಕಾರಿನ ಬೆಲೆ ಬಿದ್ದದ್ದು ಮೇಲೇಳಲಿಲ್ಲ. ಹತ್ತು ವರ್ಷದ ನಿಯಮವನ್ನು ಸುಪ್ರೀಂ ಕೋರ್ಟು ಗಟ್ಟಿ ಮಾಡಿದ್ದು 2018ರ ಅಕ್ಟೋಬರ್ 29ರಂದು. ನನ್ನ ಕಾರಿಗೆ ಆಗ ಐದು ತಿಂಗಳು ಬಾಕಿಯಿತ್ತು.

ಮೊದಲು ನನಗೆ ಬಂದದ್ದು ಸಿಟ್ಟು. ಹೊಗೆಯನ್ನು ಅಳೆಯಬೇಕಲ್ಲವೆ, ವಯಸ್ಸನ್ನಲ್ಲ! ಪ್ರತಿಸಲ ಪಿಯುಸಿ ಮಾಡಿಸುವಾಗ ಗಾಡಿ ಸಲೀಸಾಗಿ ಪಾಸಾಗುತ್ತಿತ್ತು. ಅದೇ ರಸ್ತೆಯಲ್ಲಿ ಮೂರು ವರ್ಷದ ಟೆಂಪೋ ಕರೀ ಮೋಡ ಬಿಟ್ಟುಕೊಂಡು ಹೋಗುತ್ತಿತ್ತು. ಆದರೆ ಸಿಟ್ಟಿಗೂ ಒಂದು ತಡೆ ಇತ್ತು. 2016ರ ನವೆಂಬರಿನಲ್ಲಿ ಹೊಗೆಮಂಜು ಕವಿದು ದೆಹಲಿಯ ಶಾಲೆಗಳನ್ನು ಮುಚ್ಚಿದಾಗ ನನ್ನ ಮೊಮ್ಮಗಳಿಗೆ ಮೂರು ವರ್ಷ. ರಾತ್ರಿ ಅವಳ ಮೂಗಿಗೆ ನೆಬ್ಯುಲೈಸರ್ ಹಿಡಿದುಕೊಂಡು ಕೂತವನು ನಾನೇ. ಆ ಯಂತ್ರ ಗುರ್ ಅನ್ನುತ್ತಿದ್ದಾಗ ಕೆಳಗೆ ನಿಂತಿದ್ದ ನನ್ನ ಕಾರಿನ ನೆನಪಾಗದೆ ಇರಲಿಲ್ಲ. ಬೆಳೆ ಕೂಳೆಯ ಬೆಂಕಿ, ಕಟ್ಟಡದ ಧೂಳು, ಕಾರ್ಖಾನೆ ಎಲ್ಲ ಸೇರಿದ್ದವು, ನಿಜ. ನನ್ನ ಗಾಡಿಯೂ ಸೇರಿತ್ತು. ಅದು ಬಿಎಸ್-3 ಕಾಲದ್ದು. ಆಗಿನ ಡೀಸೆಲ್ಲಿನಲ್ಲಿ ಹತ್ತು ಲಕ್ಷ ಪಾಲಿಗೆ 350 ಪಾಲು ಗಂಧಕಕ್ಕೆ ಅವಕಾಶವಿತ್ತು. 2018ರಲ್ಲಿ ದೆಹಲಿಗೆ ಬಂದ ಬಿಎಸ್-6 ಡೀಸೆಲ್ಲಿನಲ್ಲಿ ಅದು 10ಕ್ಕೆ ಇಳಿದಿತ್ತು. ಎಣ್ಣೆ ಬದಲಾಯಿತು. ಆದರೆ ಇಂಜಿನ್ನು ಹುಟ್ಟಿದ ಕಾಲ ಬದಲಾಗುವುದಿಲ್ಲ. ಎಷ್ಟು ಚೆನ್ನಾಗಿ ನೋಡಿಕೊಂಡರೂ ಅದು ತನ್ನ ಕಾಲದ ನಿಯಮಕ್ಕೆ ಕಟ್ಟಿದ್ದು. ಅಪ್ಪನ ಹಳೇ ಮಾತು ಅರ್ಧ ಮಾತ್ರ ಸರಿ ಅಂತ ನನಗೆ ಗೊತ್ತಾದದ್ದು ಆ ರಾತ್ರಿಗಳಲ್ಲಿ.

ಮಾರುವುದಕ್ಕೆ ಮೊದಲು ಊರಿಗೇ ಕಳಿಸಿಬಿಡೋಣ ಅಂತ ಆಸೆಯಾಯಿತು. ಹಾಸನದಲ್ಲಿ ಅಕ್ಕನ ಮಗ ಇದ್ದಾನೆ. ದೆಹಲಿಯಿಂದ ಎನ್‌ಒಸಿ ತೆಗೆದರೆ ಗಾಡಿ ಬೇರೆ ರಾಜ್ಯದಲ್ಲಿ ಬದುಕಬಹುದು. ಆದರೆ ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಕಟ್ಟಬೇಕು. ಗಾಡಿ ಹಳೆಯದಾದಂತೆ ಅದರ ಪ್ರಮಾಣ ಇಳಿಯುತ್ತದೆ, ಸರಿ. ಆದರೆ ಲೆಕ್ಕ ಶುರುವಾಗುವುದು ಕಾರು ಹೊಸದಾಗಿದ್ದಾಗಿನ ಬೆಲೆಯಿಂದ. ಕೂಡಿಸಿ ನೋಡಿದರೆ ತೆರಿಗೆಯೇ ನನಗೆ ಬರಬಹುದಾದ ಬೆಲೆಯ ಅರ್ಧ ದಾಟುತ್ತಿತ್ತು. ಫೋನ್ ಮಾಡಿ ಹೇಳಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಮಾವ, ಬೇಜಾರ್ ಮಾಡ್ಕೋಬೇಡಿ. ತೆರಿಗೆ ಹೆಂಗೋ ಕಟ್ಬೋದು. ಇದಕ್ಕೆ ಏನಾದ್ರೂ ಆದ್ರೆ ಪ್ರತಿಸಲ ಬೆಂಗಳೂರಿಗೆ ಓಡ್ಬೇಕಲ್ಲ?' ಅಂದ. ಅವನು ಹೇಳಿದ್ದು ಸರಿಯಾಗಿತ್ತು. ಮೂವತ್ತೈದು ವರ್ಷ ಹೊರಗಿದ್ದವರು ಊರಿಗೆ ತರುವ ಸಾಮಾನೆಲ್ಲ ಊರಿಗೆ ಬೇಕಾಗಿರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ.

ಆಮೇಲೆ ಪತ್ರಿಕೆಗೆ ಜಾಹೀರಾತು ಕೊಟ್ಟೆ. ಬಂದವರಲ್ಲಿ ಹೆಚ್ಚಿನವರು ದಲ್ಲಾಳಿಗಳು. ಕೆಲವರು ಮೀಟರನ್ನು ಅರವತ್ತು ಸಾವಿರಕ್ಕೆ ತಿರುಗಿಸಿಬಿಡಿ, ಬೆಲೆ ಏರುತ್ತದೆ ಅಂತ ಬುದ್ಧಿ ಹೇಳಿದರು. ಒಬ್ಬ ಗುಜರಿ ಮಾರುಕಟ್ಟೆ ಇರುವ ಮಾಯಾಪುರಿಗೆ ಬಿಚ್ಚಿ ಮಾರುವ ಲೆಕ್ಕ ಕೊಟ್ಟ. ಇಂಜಿನ್ನಿಗೆ ಇಷ್ಟು, ಗೇರ್‌ಬಾಕ್ಸಿಗೆ ಇಷ್ಟು, ಸೀಟಿಗೆ ಇಷ್ಟು. ಅವನ ಲೆಕ್ಕದಲ್ಲಿ ಬಿಚ್ಚಿದ ಕಾರಿಗೆ ಇಡೀ ಕಾರಿಗಿಂತ ಹೆಚ್ಚು ಬೆಲೆ.

ಫೆಬ್ರವರಿಯ ಒಂದು ಭಾನುವಾರ ಉದಯಪುರದಿಂದ ಒಬ್ಬ ಯುವಕ ಬಂದ. ಅಮೃತಶಿಲೆಯ ವ್ಯಾಪಾರ. ಹಿಂದೊಮ್ಮೆ ಮೀಟರ್ ತಿರುಗಿಸಿದ ಗಾಡಿ ಕೊಂಡು ಕೈ ಸುಟ್ಟುಕೊಂಡಿದ್ದನಂತೆ. ತಣ್ಣಗಿರುವ ಇಂಜಿನ್ನನ್ನೇ ಸ್ಟಾರ್ಟ್ ಮಾಡಿಸಿ ಕೇಳಿದ, ಟೈರಿನ ಸವೆತ ಬೆರಳಿಟ್ಟು ನೋಡಿದ, ಬಾನೆಟ್ಟಿನ ಅಂಚಿನ ಬೋಲ್ಟುಗಳನ್ನು ಯಾರಾದರೂ ಬಿಚ್ಚಿದ ಗುರುತು ಇದೆಯೋ ಅಂತ ಹುಡುಕಿದ. ನೋಟ್‌ಬುಕ್ ಕೊಟ್ಟಾಗ ನಗಲಿಲ್ಲ. 'ಅಂಕಲ್‌ಜೀ, ಪಢ್ ಕೇ ಸುನಾಯಿಯೇ' ಅಂದ.

ಓದಿದೆ. ಕನ್ನಡ ನೋಡಿಕೊಂಡು ಬಾಯಲ್ಲಿ ಹಿಂದಿ ಹೇಳುತ್ತಾ ಐದೂವರೆ ವರ್ಷದ ಲೆಕ್ಕವನ್ನು ಪುಟ ಪುಟವಾಗಿ ಓದಿದೆ. ಒಂದು ಗಂಟೆಯ ಮೇಲಾಯಿತು. ಎರಡು ಸಲ ಚಹಾ ಬಂತು. ಆಗ್ರಾದ ಪುಟಕ್ಕೆ ಬಂದಾಗ ಕಿಲೋಮೀಟರು, ಲೀಟರು ಹೇಳಿ ನಿಲ್ಲಿಸಿದೆ. ಅವನು ಬೆರಳಿಟ್ಟು, ಇಲ್ಲಿ ಇನ್ನೊಂದು ಸಾಲು ಇದೆಯಲ್ಲ ಅಂದ. ಅಪ್ಪನ ಮಾತನ್ನೂ ಹೇಳಿದೆ. ಅವನು ಏನೂ ಅನ್ನಲಿಲ್ಲ. ಚೌಕಾಸಿ ಮಾತ್ರ ಸರಿಯಾಗೇ ಮಾಡಿದ. ಆರೂವರೆ ಲಕ್ಷಕ್ಕೆ ಇತ್ಯರ್ಥವಾಯಿತು, ನೋಟ್‌ಬುಕ್ಕೂ ಸೇರಿ ಅಂತ ಅವನದೇ ಷರತ್ತು.

ಎನ್‌ಒಸಿಗೆ ಫಾರಂ 28, ವರ್ಗಾವಣೆಗೆ 29 ಮತ್ತು 30. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಅಂಟಿಸಿದೆವು. 'ನೋ ಅಬ್ಜೆಕ್ಷನ್' ಅನ್ನುವ ಆ ಕಾಗದ ಕೈಗೆ ಬಂದ ದಿನ ನನಗೊಂದು ಯೋಚನೆ ಬಂತು. ನಾನು 1984ರಲ್ಲಿ ಹಾಸನ ಬಿಟ್ಟಾಗ ಯಾರ ಎನ್‌ಒಸಿಯೂ ಬೇಕಾಗಿರಲಿಲ್ಲ. ಈಗ ಹಿಂದಿರುಗಬೇಕೆಂದರೂ ಬೇಕಾಗಿಲ್ಲ. ಆದರೂ ನಾನು ಇಲ್ಲೇ ಇದ್ದೇನೆ. ಆಕ್ಷೇಪಣೆ ಯಾರದು ಅಂತ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ.

2022ರ ಮೊದಲ ದಿನವೇ ದೆಹಲಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡೀಸೆಲ್ ಗಾಡಿಗಳ ರಿಜಿಸ್ಟ್ರೇಷನ್ ರದ್ದಾಯಿತು. 2025ರ ಜುಲೈ 1ರಿಂದ ಇಂಥ ಗಾಡಿಗಳಿಗೆ ಬಂಕಿನಲ್ಲಿ ಎಣ್ಣೆಯೂ ಇಲ್ಲ ಅಂದರು, ಕೆಲವೇ ದಿನದಲ್ಲಿ ಅದನ್ನು ತಡೆಹಿಡಿದರು. ಬರೀ ವಯಸ್ಸಿನ ಕಾರಣಕ್ಕೆ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಅಂತ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಡಿಸೆಂಬರಿನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಮತ್ತು ಅದಕ್ಕೂ ಹೊಸ ಗಾಡಿಗಳಿಗೆ ಮಾತ್ರ ಉಳಿಸಿತು. ವಯಸ್ಸಿನ ಜೊತೆಗೆ ಹೊಗೆಯ ದರ್ಜೆಯೂ ಲೆಕ್ಕಕ್ಕೆ ಬಂತು ಅಂತ ನನಗೆ ಸಮಾಧಾನವೇ ಆಯಿತು. ಆ ಹೊಸ ಲೆಕ್ಕದಲ್ಲೂ ನನ್ನ ಬಿಎಸ್-3 ಗಾಡಿ ಉಳಿಯುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಕಾರು ಕೊಟ್ಟು ಎರಡು ವರ್ಷವಾದ ಮೇಲೆ ಉದಯಪುರದಿಂದ ಒಂದು ಫೋಟೋ ಬಂತು. ನನ್ನದೇ ಅಕ್ಷರ. ಚಕ್ರದ ಒಂದು ಸಣ್ಣ ಚಿತ್ರ, ಅದರ ಪಕ್ಕ ಎರಡು ಸಾಲು. ಹಿಂದೆಯೇ ಫೋನೂ ಬಂತು. ಗಾಡಿಯಲ್ಲಿ ಏನೋ ಸದ್ದು ಬರ್ತಿದೆ ಅಂಕಲ್‌ಜೀ, ಇಲ್ಲಿ ನೀವು ಚಕ್ರ ಬರೆದಿದ್ದೀರಲ್ಲ, ಇದರ ಅರ್ಥ ಏನು ಅಂತ. ಕನ್ನಡಕ ಹಾಕಿಕೊಂಡು ಓದಿದೆ. 'ಎಡಗಡೆ ಮುಂದಿನ ಚಕ್ರದ ಹತ್ತಿರ ಕಟಕಟ. ಗುಂಡಿಗೆ ಬಿದ್ದದ್ದು. ಬುಷ್ ಸವೆದಿತ್ತು, ಹಾಕಿಸಿದೆ.'

ಹಿಂದಿಯಲ್ಲಿ ಹೇಳಿದೆ. 'ಹಾಂ, ವಹೀ ಆವಾಜ್ ಹೈ' ಅಂದ ಅವನು. ಮೆಕ್ಯಾನಿಕ್ ಅಲ್ಲೇ ಪಕ್ಕದಲ್ಲಿ ನಿಂತಿದ್ದ ಅಂತ ಕಾಣುತ್ತೆ, ನಾನು ಹೇಳಿದ್ದನ್ನೇ ಅವನಿಗೆ ಜೋರಾಗಿ ಓದಿ ಹೇಳುವುದು ನನಗೂ ಕೇಳಿಸಿತು.